ಪಲ್ಲವಿಯಲ್ಲಿ ಮುಗಿಯುವ ವಾಕ್ಯ

ಕೃತಿಯ ಲಕ್ಷಣವನ್ನು ವಿವರಿಸಿ ಎಂಬ ಪ್ರಶ್ನೆಗೆ ಸಂಗೀತದ ಸೀನಿಯರ್ ಪರೀಕ್ಷೆಗೆ ಕೂರುವ ಮಕ್ಕಳು ನಿದ್ದೆಯಲ್ಲಿ ಎಬ್ಬಿಸಿದರೂ ಉತ್ತರ ಹೇಳುತ್ತಾರೆ. ಪಲ್ಲವಿ, ಅನುಪಲ್ಲವಿ, ಚರಣ ಎಂಬ ಮೂರು ಅಂಗಗಳು. ಅಂದ ಹೆಚ್ಚಿಸಲು ಸಂಗತಿ, ಚಿಟ್ಟೆಸ್ವರ, ಮಧ್ಯಮಕಾಲ ಸಾಹಿತ್ಯ. ಚರಣದಲ್ಲಿ ವಾಗ್ಗೇಯಕಾರರ ಅಂಕಿತ. ಕೊನೆಗೆ ಎರಡು ಉದಾಹರಣೆ. ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ವೀಣೆ ಹೇಳಿಕೊಡುವ ನಾನೂ ಪ್ರತಿವರ್ಷ ಇದನ್ನೇ ಬರೆಸುತ್ತೇನೆ. ಬರೆಸಿಯಾದ ಮೇಲೆ ಪುಸ್ತಕ ಮುಚ್ಚಿಸುತ್ತೇನೆ. ಕೃತಿಯಲ್ಲಿ ಎಷ್ಟು ಭಾಗಗಳಿವೆ ಎಂಬುದನ್ನು ಆ ಉತ್ತರ ಹೇಳುತ್ತದೆ, ನಿಜ. ಒಂದು ಭಾಗಕ್ಕೆ ಇನ್ನೊಂದು ಯಾಕೆ ಬೇಕು ಎಂಬುದನ್ನು ಹೇಳುವುದಿಲ್ಲ.

ಅದು ಗೊತ್ತಾಗಬೇಕಾದರೆ ಒಂದು ಹಾಡನ್ನು ಮುಂದಿಟ್ಟುಕೊಂಡು ಬಿಚ್ಚಿ ನೋಡಬೇಕು. ನಾನು ಸಾಮಾನ್ಯವಾಗಿ ಎತ್ತಿಕೊಳ್ಳುವುದು ಮೈಸೂರು ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’. ಖಮಾಸ್ ರಾಗ, ಆದಿತಾಳ, ತೆಲುಗು ಸಾಹಿತ್ಯ. 1980ರಲ್ಲಿ ಬಂದ ‘ಶಂಕರಾಭರಣಂ’ ಸಿನಿಮಾದಿಂದಾಗಿ ಸಂಗೀತ ಕಲಿಯದವರ ಕಿವಿಯಲ್ಲೂ ಈ ಹಾಡು ಕುಳಿತಿದೆ. ರೂಪವನ್ನು ಅಭ್ಯಾಸ ಮಾಡುವುದಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಹಾಡು ಮೊದಲೇ ಬಾಯಿಗೆ ಬಂದಿದ್ದರೆ ಮನಸ್ಸು ಅದರ ಕಟ್ಟಡವನ್ನು ನೋಡಲು ಬಿಡುವಾಗುತ್ತದೆ. ಹೊಸ ಹಾಡನ್ನು ಹಿಡಿದರೆ ಸ್ವರ ಹುಡುಕುವುದರಲ್ಲೇ ಕ್ಲಾಸು ಮುಗಿದುಹೋಗುತ್ತದೆ.

ನಮ್ಮ ಸಲಕರಣೆ ತೀರ ಸಾಧಾರಣ. ಗಣಿತಕ್ಕೆ ಬಳಸುವ ಚೌಕಳಿ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಆದಿತಾಳಕ್ಕೆ ಎಂಟು ಎಣಿಕೆ: ಲಘುವಿಗೆ ನಾಲ್ಕು, ಎರಡು ದ್ರುತಗಳಿಗೆ ಎರಡೆರಡು. ಅಡ್ಡಕ್ಕೆ ಎಂಟು ಮನೆ ಹಾಕಿದರೆ ಒಂದು ಆವರ್ತ. ಅದರ ಕೆಳಗೆ ಮುಂದಿನ ಆವರ್ತ. ಒಬ್ಬರು ಹಾಡುತ್ತಾರೆ, ಉಳಿದವರು ತಾಳ ಹಾಕುತ್ತ ಸಾಹಿತ್ಯದ ಒಂದೊಂದು ಅಕ್ಷರ ಬಿದ್ದ ಮನೆಯಲ್ಲಿ ಒಂದು ಚುಕ್ಕೆ ಇಡುತ್ತಾರೆ. ಅಕ್ಷರ ಎಳೆದರೆ ಮನೆ ಖಾಲಿ. ಸ್ವರ ಬರೆಯುವುದು ಬೇಡ, ರಾಗದ ಹೆಸರೂ ಬೇಡ. ಬರೀ ಚುಕ್ಕೆ.

ಹಾಳೆ ತುಂಬಿದ ಮೇಲೆ ನೋಡಿದರೆ ಪಲ್ಲವಿಯ ಸಾಲು ತೆರಪಾಗಿರುತ್ತದೆ. ನಿನ್ನನ್ನು ಬಿಟ್ಟರೆ ನನ್ನನ್ನು ಕಾಯುವವರು ಯಾರಿದ್ದಾರೆ ಎಂಬ ಒಂದೇ ಪ್ರಶ್ನೆ, ರಘುವರನಿಗೆ. ಅನುಪಲ್ಲವಿಯ ಮೊದಲರ್ಧವೂ ಹೆಚ್ಚುಕಡಿಮೆ ಅಷ್ಟೇ ವಿರಳ; ಆದರೆ ರಾಗ ಮೇಲಕ್ಕೆ ಏರುತ್ತದೆ, ತಾರಸ್ಥಾಯಿಯ ಕಡೆಗೆ ಕತ್ತೆತ್ತುತ್ತದೆ. ಅನುಪಲ್ಲವಿಯ ಎರಡನೆಯ ಅರ್ಧಕ್ಕೆ ಬಂದಾಗ ಚುಕ್ಕೆಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿರುತ್ತವೆ. ತಾಳದ ವೇಗ ಬದಲಾಗಿಲ್ಲ, ಅದೇ ಕೈ ಅದೇ ತೊಡೆಯ ಮೇಲೆ ಅದೇ ನಿಧಾನದಲ್ಲಿ ಬೀಳುತ್ತಿದೆ. ಮಾತು ಮಾತ್ರ ಇಮ್ಮಡಿಯಾಗಿದೆ. “ಮಿಸ್, ಇಲ್ಲಿ ಸಿಗ್ನಲ್ ಹತ್ತಿರ ಟ್ರಾಫಿಕ್ ಜಾಸ್ತಿ ಆದ ಹಾಗಿದೆ” ಅಂದಳು ಇಂಜಿನಿಯರಿಂಗ್ ಓದುವ ಒಬ್ಬ ಹುಡುಗಿ. ಶಾಸ್ತ್ರಗ್ರಂಥದ ಭಾಷೆ ಅಲ್ಲ, ಆದರೆ ಅವಳು ನೋಡಿದ್ದು ಸರಿಯಾಗಿತ್ತು. ಎಲ್ಲ ಅಕ್ಷರಗಳೂ ಒಂದು ಜಾಗವನ್ನು ಮುಟ್ಟಲು ನುಗ್ಗುತ್ತಿವೆ. ಆ ಜಾಗ ಪಲ್ಲವಿಯ ಎತ್ತುಗಡೆ.

ಈಗ ಅರ್ಥಕ್ಕೆ ಬನ್ನಿ. ವೀಣೆಯವರು, ಪಿಟೀಲಿನವರು ಸಾಹಿತ್ಯ ನಮಗೇಕೆ ಎನ್ನುವುದುಂಟು. ಅವರಿಗಾಗಿಯೇ ಇದನ್ನು ಹೇಳುತ್ತೇನೆ. ಅನುಪಲ್ಲವಿಯ ಆ ದಟ್ಟವಾದ ಸಾಲಿನಲ್ಲಿ ಕವಿ ತನ್ನ ಚಿಂತೆಯನ್ನು ನೀಗಿ, ವರ ಕೊಟ್ಟು, ತಡಮಾಡದೆ ಎನ್ನುತ್ತಾನೆ. ತಡಮಾಡದೆ ಏನು ಮಾಡಬೇಕು? ಅಲ್ಲಿಗೆ ಸಾಲು ಮುಗಿಯಿತು. ಕ್ರಿಯಾಪದ ಬಂದೇ ಇಲ್ಲ. ಕನ್ನಡದಲ್ಲಿ ‘ನೀಗಿ’, ‘ಕೊಟ್ಟು’ ಎಂಬಲ್ಲಿಗೆ ವಾಕ್ಯ ನಿಲ್ಲಿಸಿದರೆ ಕೇಳುವವರು “ಹ್ಞಾಂ, ಆಮೇಲೆ?” ಎನ್ನುತ್ತಾರಲ್ಲ, ತೆಲುಗಿನಲ್ಲೂ ಹಾಗೆಯೇ. ಬಾಕಿ ಉಳಿದ ಕ್ರಿಯೆ ಇರುವುದು ಪಲ್ಲವಿಯ ಮೊದಲ ಪದದಲ್ಲಿ: ಕಾಯುವವರು ಯಾರು. ಅಂದರೆ ಅನುಪಲ್ಲವಿ ತನ್ನ ಕಾಲ ಮೇಲೆ ತಾನು ನಿಲ್ಲುವ ವಾಕ್ಯ ಅಲ್ಲ. ಪಲ್ಲವಿಗೆ ಬಂದರೇನೇ ಅದರ ಮಾತು ಪೂರೈಸುವುದು. ಚರಣದ ಕಡೆಯ ಸಾಲಿನಲ್ಲೂ ಇದೇ ಹೂಟ. ಪಾಪವನ್ನೆಲ್ಲ ತೊಡೆದು, ಕೈಯನ್ನು ಗಟ್ಟಿಯಾಗಿ ಹಿಡಿದು, ಬಿಡದೆ... ಮತ್ತೆ ಕ್ರಿಯಾಪದ ಇಲ್ಲ, ಮತ್ತೆ ಪಲ್ಲವಿ. ಅದೇ ಪ್ರಶ್ನೆಯನ್ನು ಹಾಡು ಮೂರನೆಯ ಸಲ ಕೇಳುವಾಗ ಅದರ ಬೆನ್ನಿಗೆ ಬೇರೆಯದೇ ಮಾತು ಇರುತ್ತದೆ.

ಪಲ್ಲವಿಯನ್ನು ಬಿಟ್ಟು ಎಷ್ಟು ದೂರ ಹೋಗುತ್ತದೆ, ಯಾವ ದಾರಿಯಲ್ಲಿ ವಾಪಸು ಬರುತ್ತದೆ, ಬಂದಾಗ ಪಲ್ಲವಿಗೆ ಏನನ್ನು ಕೂಡಿಸುತ್ತದೆ: ಕೃತಿಯ ರೂಪ ಎಂದರೆ ನನ್ನ ಮಟ್ಟಿಗೆ ಇಷ್ಟೇ. ಅಂಗಗಳ ಹೆಸರನ್ನು ಆಮೇಲೆ ಹಚ್ಚಿಕೊಂಡರೂ ನಡೆಯುತ್ತದೆ.

ಹೀಗೆ ನೋಡಿದ ಮೇಲೆ ಹಾಡುವ ಕ್ರಮವೂ ಸ್ವಲ್ಪ ಬದಲಾಗಬೇಕಾಗುತ್ತದೆ. ಸಾಹಿತ್ಯದ ಪುಸ್ತಕಗಳಲ್ಲಿ ಪಲ್ಲವಿ, ಅನುಪಲ್ಲವಿ, ಚರಣ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ನಡುವೆ ಒಂದೊಂದು ಸಾಲು ಜಾಗ ಬಿಟ್ಟಿರುತ್ತಾರೆ. ಮಕ್ಕಳು ಆ ಖಾಲಿ ಜಾಗವನ್ನೂ ಹಾಡುತ್ತಾರೆ! ಅನುಪಲ್ಲವಿ ಮುಗಿಸಿ, ಉಸಿರು ಬಿಟ್ಟು, ಶ್ರುತಿಪೆಟ್ಟಿಗೆ ಕಡೆ ನೋಡಿ, ಪಲ್ಲವಿಯನ್ನು ಹೊಸದಾಗಿ ಶುರು ಮಾಡುತ್ತಾರೆ. ವಾಕ್ಯದ ಸೊಂಟ ಮುರಿಯುತ್ತದೆ. ನಾನು ಅನುಪಲ್ಲವಿಯ ಕಡೆಯ ಅಕ್ಷರದಿಂದ ಪಲ್ಲವಿಗೆ ಒಂದೇ ಉಸಿರಿನಲ್ಲಿ ದಾಟಿಸುತ್ತೇನೆ. ಪ್ರಶ್ನೆ ಮುಗಿದ ಮೇಲೆ ಚಿಟ್ಟೆಸ್ವರ. ಅಲ್ಲಿ ಮಾತಿಗೆ ಕೆಲಸವಿಲ್ಲ, ರಾಗಕ್ಕಷ್ಟೇ ಓಡಾಟ. ಚಿಟ್ಟೆಸ್ವರವೂ ಕೊನೆಯಲ್ಲಿ ಪಲ್ಲವಿಯ ಬಾಗಿಲಿಗೇ ತಂದು ಬಿಡುತ್ತದೆ.

ಇನ್ನೊಂದು ಗುರುತು ಪ್ರಾಸ. ಕನ್ನಡ ಓದಿದವರಿಗೆ ಇದು ಹೊಸದಲ್ಲ. ಷಟ್ಪದಿಯಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಕಟ್ಟನ್ನು ಹೈಸ್ಕೂಲಿನ ಛಂದಸ್ಸಿನ ಪಾಠದಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ. ಈ ಕೃತಿಯ ಪಲ್ಲವಿಯ ಎರಡನೆಯ ಅಕ್ಷರ ‘ಚ’ಕಾರದ್ದು. ಅನುಪಲ್ಲವಿ ಶುರುವಾದಾಗ ಎರಡನೆಯ ಅಕ್ಷರ ಮತ್ತೆ ‘ಚ’. ಚರಣಕ್ಕೆ ಬಂದರೆ ‘ತ’ಕಾರ: ಸಾಲಿನಿಂದ ಸಾಲಿಗೆ ಎರಡನೆಯ ಜಾಗದಲ್ಲಿ ‘ತ’. ಪಲ್ಲವಿ ಮತ್ತು ಅನುಪಲ್ಲವಿ ಒಂದು ಮನೆತನ, ಚರಣ ಬೇರೆ ಮನೆ ಹೂಡಿದೆ ಎಂಬುದನ್ನು ಕವಿ ನಮ್ಮ ಕಿವಿಗೆ ಹೇಳುತ್ತಿರುವುದು ಹೀಗೆ. ನೋಟ್‌ಬುಕ್ಕಿನಲ್ಲಿ ಪ್ರಾಸಾಕ್ಷರದ ಚುಕ್ಕೆಗೆ ಸುತ್ತು ಹಾಕಿದರೆ ಯಾವ ಪುಸ್ತಕದ ನೆರವೂ ಇಲ್ಲದೆ ಹಾಡು ಎಲ್ಲಿ ಮುರಿದುಕೊಳ್ಳುತ್ತದೆ ಎಂಬುದು ಕಾಣುತ್ತದೆ.

ಚರಣದ ಮೂರನೆಯ ಸಾಲಿನಲ್ಲಿ ಆಚಾರ್ಯರ ಅಂಕಿತ ಬರುತ್ತದೆ. ಆನೆಯ ಮೊರೆ ಕೇಳಿ ಓಡಿಬಂದು ಕಾಪಾಡಿದ ವಾಸುದೇವ ನೀನೇ ತಾನೆ ಎಂಬುದು ಅಲ್ಲಿಯ ಭಾವ. ದೇವರ ಹೆಸರೂ ಅದೇ, ಬರೆದವರ ಹೆಸರೂ ಅದೇ. ಆ ಸಾಲಿನ ಧಾಟಿಯನ್ನು ಗಮನಿಸಿ: ಅನುಪಲ್ಲವಿಯ ಮೊದಲರ್ಧದ ಧಾಟಿಯೇ ಹೊಸ ಮಾತು ಹೊತ್ತು ಬಂದಿದೆ. ಅದರ ಮುಂದಿನ ದಟ್ಟ ಸಾಲು ಅನುಪಲ್ಲವಿಯ ದಟ್ಟ ಸಾಲಿನ ಧಾಟಿಯಲ್ಲಿದೆ. ಚರಣದ ಮೊದಲರ್ಧವಷ್ಟೇ ಹೊಸ ಸಂಗೀತ. ಉತ್ತರಾರ್ಧ ನಾವು ಆಗಲೇ ಒಮ್ಮೆ ಕೇಳಿದ್ದು.

ಇದು ಆಚಾರ್ಯರು ಕಂಡುಹಿಡಿದ ಉಪಾಯವೇನಲ್ಲ. 1865ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಾಸುದೇವಾಚಾರ್ಯರು ಅರಮನೆಯ ಸಹಾಯದಿಂದ ತಿರುವೈಯಾರಿಗೆ ಹೋಗಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತರು. ಪಟ್ನಂ ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್. ಅವರು ತ್ಯಾಗರಾಜರ ನೇರ ಶಿಷ್ಯರು. ಚರಣದ ಉತ್ತರಾರ್ಧಕ್ಕೆ ಅನುಪಲ್ಲವಿಯ ಧಾಟಿಯನ್ನೇ ತೊಡಿಸುವುದು ತ್ಯಾಗರಾಜರ (1767–1847) ಎಷ್ಟೋ ಕೃತಿಗಳಲ್ಲಿ ಕಾಣುವ ಪದ್ಧತಿ. ಹಂಸನಾದದ ‘ಬಂಟುರೀತಿ’ ಹಾಡಿ ನೋಡಿ. ಸೋಮಾರಿತನ ಎಂದುಕೊಂಡರೆ ಕೆಟ್ಟಿರಿ. ಅನುಪಲ್ಲವಿಯನ್ನು ಕೇಳುವಾಗ ಕಿವಿ ಒಂದು ದಾರಿಯನ್ನು ಕಲಿಯುತ್ತದೆ: ಈ ತಿರುವು ಬಂತು, ಇನ್ನು ಪಲ್ಲವಿ ಬರುತ್ತದೆ. ಚರಣದಲ್ಲಿ ಅದೇ ತಿರುವು ಬಂದಾಗ ತೆಲುಗು ತಿಳಿಯದವರಿಗೂ ಮುಂದಿನದು ಗೊತ್ತು. ದಾರಿಯ ಚಿಂತೆ ಇಲ್ಲವಾದ್ದರಿಂದ ಮನಸ್ಸು ಪೂರ್ತಿಯಾಗಿ ಹೊಸ ಮಾತಿಗೆ ಸಿಗುತ್ತದೆ. ಅಂಕಿತವನ್ನು ಈ ಭಾಗದಲ್ಲೇ ಇಡುವುದು ಹೆಚ್ಚು. ಅಪರಿಚಿತ ಧಾಟಿಯ ನಡುವೆ ಬಂದಿದ್ದರೆ ಆ ಹೆಸರು ಇಷ್ಟು ನಿಚ್ಚಳವಾಗಿ ಕಿವಿಗೆ ಬೀಳುತ್ತಿರಲಿಲ್ಲ.

ಸಂಗತಿಗಳ ವಿಷಯವನ್ನೂ ಹೇಳಬೇಕು. ಒಂದೇ ಸಾಲನ್ನು ಮತ್ತೆ ಮತ್ತೆ, ಪ್ರತಿ ಸಲ ಸ್ವಲ್ಪ ಬೆಳೆಸಿ ಹಾಡುವುದು ಸಂಗತಿ. ಖರಹರಪ್ರಿಯದ ‘ಚಕ್ಕನಿ ರಾಜಮಾರ್ಗಮು’ ಕೃತಿಯ ಪಲ್ಲವಿಯನ್ನು ಯಾರು ಹಾಡಿದರೂ ಅಲ್ಲೇ ಒಂದು ಸಣ್ಣ ಕಛೇರಿ ಆಗಿಬಿಡುತ್ತದೆ. ಒಳ್ಳೆಯ ಪಾಠದಲ್ಲಿ ಸಂಗತಿಗಳು ದಿಕ್ಕುದೆಸೆ ಇಲ್ಲದೆ ಬೆಳೆಯುವುದಿಲ್ಲ. ಸಾಲಿನ ತಲೆ ಹಾಗೇ ಇದ್ದು ಮೊದಲು ತುದಿ ಬದಲಾಗುತ್ತದೆ, ಆಮೇಲೆ ನಡು, ಆಮೇಲೆ ರಾಗ ಮೇಲಕ್ಕೆ ಹತ್ತುತ್ತದೆ. ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದರೆ ಅದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ನಮ್ಮ ಗುರುಗಳು ಸಂಗತಿ ಬಿಟ್ಟು ಹಾಡಿದರೆ ಸುಮ್ಮನಿರುತ್ತಿದ್ದರು; ಹಿಂದುಮುಂದು ಮಾಡಿ ಹಾಡಿದರೆ ತಂಬೂರಿ ಕೆಳಗಿಟ್ಟುಬಿಡುತ್ತಿದ್ದರು. ಯಾವ ಕೃತಿಗೆ ಎಷ್ಟು ಸಂಗತಿ ಎಂಬುದು ಪಾಠಾಂತರದಿಂದ ಪಾಠಾಂತರಕ್ಕೆ ಬೇರೆ. ಹಾಗಾಗಿ ಒಂದು ಕೃತಿಯ ರೂಪವನ್ನು ಬರೆದಿಟ್ಟಾಗ ಯಾರ ಪಾಠ ಎಂಬುದನ್ನು ಹಾಳೆಯ ಮೇಲ್ತುದಿಯಲ್ಲಿ ಬರೆಸುತ್ತೇನೆ.

ಹಿಂತಿರುಗುವುದು ಕೃತಿಯಷ್ಟೇ ವಯಸ್ಸಿನದಲ್ಲ. ದೇವಗಿರಿಯ ಯಾದವರ ಆಶ್ರಯದಲ್ಲಿ 13ನೆಯ ಶತಮಾನದಲ್ಲಿ ಶಾರ್ಙ್ಗದೇವ ಬರೆದ ‘ಸಂಗೀತರತ್ನಾಕರ’ದಲ್ಲಿ ಪ್ರಬಂಧ ಎಂಬ ಹಾಡುಗಳ ಭಾಗಗಳಿಗೆ ಉದ್ಗ್ರಾಹ, ಮೇಲಾಪಕ, ಧ್ರುವ, ಆಭೋಗ ಎಂಬ ಹೆಸರುಗಳಿವೆ. ಮೇಲಾಪಕವನ್ನು ಬಿಡಬಹುದು, ಆಭೋಗವನ್ನೂ ಬಿಡಬಹುದು. ಧ್ರುವವನ್ನು ಬಿಡುವಂತಿಲ್ಲ. ಮತ್ತೆ ಮತ್ತೆ ಬರುವ ಭಾಗ ಅದೇ. ಪ್ರಬಂಧಗಳು ಬಳಕೆಯಿಂದ ಹೋದವು, ಆ ಹೆಸರುಗಳನ್ನು ಈಗ ಪರೀಕ್ಷೆಗೆ ಕೂರುವವರು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಬಿಡಲಾಗದ ಭಾಗ ಮಾತ್ರ ಬೇರೆ ಹೆಸರಿನಲ್ಲಿ ಉಳಿದುಕೊಂಡಿತು.

ದಾಸರ ಪದಗಳಲ್ಲಿ ಈ ಹಿಂತಿರುಗುವಿಕೆ ಬೇರೆ ಬಗೆಯದು. ಪಲ್ಲವಿ, ಅನುಪಲ್ಲವಿ, ಆಮೇಲೆ ಮೂರೋ ಐದೋ ನುಡಿಗಳು. ಎಲ್ಲ ನುಡಿಗೂ ಸಾಮಾನ್ಯವಾಗಿ ಒಂದೇ ಧಾಟಿ. ಪ್ರತಿ ನುಡಿ ಒಂದು ದೃಷ್ಟಾಂತ ತಂದು ಪಲ್ಲವಿಯ ಮುಂದಿಡುತ್ತದೆ. ಧಾಟಿ ಬೆಳೆಯುವುದಿಲ್ಲ, ಅರ್ಥ ಬೆಳೆಯುತ್ತದೆ. ಮನೆಯಲ್ಲಿ, ಭಜನೆಯಲ್ಲಿ, ಯಾರು ಬೇಕಾದರೂ ಸೇರಿಕೊಂಡು ಹಾಡುವ ಹಾಡಿಗೆ ಅದೇ ಸರಿ. ಒಂದು ಎಚ್ಚರಿಕೆ: ನಾವು ಇಂದು ಕೇಳುವ ದೇವರನಾಮಗಳ ರಾಗ-ಧಾಟಿಗಳಲ್ಲಿ ಬಹುಪಾಲು ನಂತರದವರು ಕೂಡಿಸಿದ್ದು. ಹಾಗಾಗಿ ಪುರಂದರದಾಸರ ರೂಪ ಎಂದು ಮಾತಾಡುವಾಗ ಸಾಹಿತ್ಯದ ಚೌಕಟ್ಟಿನಾಚೆ ಹೆಚ್ಚು ಹೇಳುವುದು ತರವಲ್ಲ. ಸಂಗೀತ ಹಾಕಿದವರ ಜಾಣ್ಮೆಯನ್ನು ದಾಸರ ಲೆಕ್ಕಕ್ಕೆ ಬರೆಯುವ ಭಾಷಣಗಳನ್ನು ಕೇಳಿ ನನಗೆ ಸಾಕಾಗಿದೆ.

ಮುತ್ತುಸ್ವಾಮಿ ದೀಕ್ಷಿತರಲ್ಲಿ ಇನ್ನೊಂದು ಲೋಕ. ಎಷ್ಟೋ ಕೃತಿಗಳಲ್ಲಿ ಅನುಪಲ್ಲವಿ, ಚರಣ ಎಂದು ಎರಡಿಲ್ಲ; ಎರಡರ ಕೆಲಸವನ್ನೂ ಸಮಷ್ಟಿ ಚರಣ ಎಂಬ ಒಂದೇ ಭಾಗ ಮಾಡುತ್ತದೆ. ತ್ಯಾಗರಾಜರಂತೆ ಸಂಗತಿ ಏರಿಸಿ ಏರಿಸಿ ಬಿಗಿಯುವ ಬದಲು ಇವರು ಸಾಲನ್ನು ಸಾವಕಾಶವಾಗಿ ಹರಡಿ, ಕೊನೆಗೆ ಮಧ್ಯಮಕಾಲ ಸಾಹಿತ್ಯದಲ್ಲಿ ಮಾತನ್ನು ಇಮ್ಮಡಿ ಮಾಡುತ್ತಾರೆ. ನಮ್ಮ ಚುಕ್ಕೆಯ ಹಾಳೆಯಲ್ಲಿ ದೀಕ್ಷಿತರ ಕೃತಿಯನ್ನು ಯಾರು ಬೇಕಾದರೂ ಗುರುತಿಸಬಹುದು, ಕಡೆಯ ಸಾಲುಗಳಲ್ಲಿ ಪೆನ್ಸಿಲ್ಲಿನ ಮಸಿ ಎದ್ದು ಕಾಣುತ್ತದೆ. ಅವರ ‘ಶ್ರೀ ವಿಶ್ವನಾಥಂ’ 14 ರಾಗಗಳ ರಾಗಮಾಲಿಕೆ. ಶ್ರೀರಾಗದ ಪಲ್ಲವಿಯಿಂದ ಹೊರಟು ಒಂದೊಂದೇ ರಾಗ ದಾಟಿಕೊಂಡು ಮುಂದೆ ಹೋಗುತ್ತದೆ. ಪಲ್ಲವಿಗೆ ಬರಬೇಕಾದಾಗ ಹೋದ ರಾಗಗಳನ್ನೇ ಹಿಂದುಮುಂದಾಗಿ, ಒಂದೊಂದು ತುಣುಕಿನಲ್ಲಿ ಮುಟ್ಟುತ್ತ ವಾಪಸು ನಡೆಯುತ್ತದೆ. ಹಿಂತಿರುಗುವ ದಾರಿಯನ್ನೇ ಕೃತಿಯ ವಸ್ತುವಾಗಿ ಮಾಡಿಕೊಂಡ ರಚನೆ ಇದು. ಪಲ್ಲವಿಗೆ ಥಟ್ಟನೆ ಜಿಗಿದಿದ್ದರೆ ಶ್ರೀರಾಗ ಅಲ್ಲಿ ಅಪರಿಚಿತನಂತೆ ಕಾಣುತ್ತಿತ್ತು ಎಂದು ದೀಕ್ಷಿತರಿಗೆ ಅನಿಸಿರಬೇಕು.

ದೀಕ್ಷಿತರ ಕೃತಿಗಳನ್ನು ಹೀಗೆ ಕುಳಿತು ನೋಡಲು ನಮಗೆ ಸಾಧ್ಯವಾದದ್ದು ಸುಬ್ಬರಾಮ ದೀಕ್ಷಿತರಿಂದ. ಅವರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ 1904ರಲ್ಲಿ ಎಟ್ಟಯಪುರದಿಂದ ಅಚ್ಚಾಗಿ ಬಂತು. ಗಮಕಗಳಿಗೂ ಚಿಹ್ನೆ ಕೊಟ್ಟು ಸ್ವರ ಬರೆದ ಗ್ರಂಥ ಅದು. ಸ್ವರಲಿಪಿ ಹಾಡುವುದನ್ನು ಕಲಿಸುವುದಿಲ್ಲ ಎಂಬುದು ನಿಜ. ಆದರೆ ಆವರ್ತಗಳನ್ನು ಎಣಿಸಲು, ಒಂದು ಧಾಟಿ ಇನ್ನೊಂದು ಕಡೆ ಮತ್ತೆ ಬಂದಿದೆಯೇ ಎಂದು ಬೆರಳಿಟ್ಟು ತೋರಿಸಲು ಅದಕ್ಕಿಂತ ಬೇರೆ ಸಾಧನ ಇಲ್ಲ.

ಶ್ಯಾಮಾಶಾಸ್ತ್ರಿಗಳ ಭೈರವಿ ಸ್ವರಜತಿಯನ್ನು ಹೇಳಿಕೊಡುವ ದಿನ ನಾನು ನೋಟ್‌ಬುಕ್ಕನ್ನೇ ತೆಗೆಸುವುದಿಲ್ಲ. ಕಿವಿಯೇ ಸಾಕು. ಎಂಟು ಚರಣಗಳು. ಮೊದಲನೆಯದು ಷಡ್ಜದಿಂದ ಶುರು, ಎರಡನೆಯದು ರಿಷಭದಿಂದ, ಮೂರನೆಯದು ಗಾಂಧಾರದಿಂದ. ಹೀಗೆ ಒಂದೊಂದೇ ಸ್ವರ ಏರಿ ಎಂಟನೆಯ ಚರಣ ತಾರಷಡ್ಜದಿಂದ ಎತ್ತುತ್ತದೆ. ಮಿಶ್ರಛಾಪುವಿನ ಏಳೆಣಿಕೆಯ ತೂಗಾಟ ಮೊದಲಿಂದ ಕೊನೆಯವರೆಗೂ ಒಂದೇ. ಪ್ರತಿ ಚರಣವೂ ತಾಯಿ ಕಾಮಾಕ್ಷಿಯನ್ನು ಕರೆಯುವ ಪಲ್ಲವಿಗೆ ಇಳಿದು ಬರುತ್ತದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಎತ್ತರದಿಂದ ಹೊರಟು. ಲೆಕ್ಕಾಚಾರ ಎಷ್ಟು ಕಟ್ಟುನಿಟ್ಟು ನೋಡಿ! ಆದರೆ ಕೇಳುವಾಗ ಲೆಕ್ಕ ನೆನಪಾಗುವುದಿಲ್ಲ, ಮಗು ಹಟ ಹೆಚ್ಚಿಸಿಕೊಂಡು ಕರೆಯುತ್ತಿರುವುದು ಕೇಳಿಸುತ್ತದೆ.

ಇದನ್ನೆಲ್ಲ ಹೇಳಿದರೆ ಹಿರಿಯ ರಸಿಕರೊಬ್ಬರು ಗೊಣಗುತ್ತಾರೆ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದ ಪೆಂಡಾಲಿನಲ್ಲಿ ಎಷ್ಟೋ ವರ್ಷಗಳಿಂದ ನನ್ನ ಪಕ್ಕದ ಕುರ್ಚಿಯವರು ಅವರು. “ನೀವು ಹೀಗೆಲ್ಲಾ ಕೊಯ್ದು ನೋಡಿದರೆ ರಸ ಎಲ್ಲಮ್ಮ ಉಳಿಯತ್ತೆ?” ಅವರೇ ಚರಣದ ಧಾಟಿ ತಿರುಗುವ ಜಾಗದಲ್ಲಿ ಗಾಯಕರಿಗಿಂತ ಅರ್ಧ ಕ್ಷಣ ಮೊದಲು ತಲೆಯಾಡಿಸುತ್ತಾರೆ, ತಾಳದ ಕೈಯನ್ನು ಪಲ್ಲವಿಯ ಎತ್ತುಗಡೆಗೆ ಸರಿಯಾಗಿ ತಂದಿಡುತ್ತಾರೆ. ರೂಪದ ಅಭ್ಯಾಸ ಅವರಿಗೆ ಆಗಿದೆ. ಹೆಸರಿಟ್ಟು ಕರೆಯಲು ಅವರಿಗೆ ಇಷ್ಟವಿಲ್ಲ, ಅಷ್ಟೆ. ಹತ್ತಾರು ವರ್ಷ ಪೆಂಡಾಲಿನಲ್ಲಿ ಕೂತು ಅವರು ಗಳಿಸಿದ್ದನ್ನು ಹದಿನೆಂಟು ವರ್ಷದ ಹುಡುಗಿಗೆ ಬೇಗ ದಾಟಿಸಬೇಕಾದರೆ ನನಗೆ ಪೆನ್ಸಿಲ್ಲು ಬೇಕು.

ನಮ್ಮ ಸಂಗೀತ, ಪಾಶ್ಚಾತ್ಯ ಸಂಗೀತ ಎರಡರ ರೂಪವನ್ನೂ ಬಲ್ಲ ಒಬ್ಬರು ನಮ್ಮ ಊರಿನಲ್ಲೇ ಇದ್ದರು: ಜಯಚಾಮರಾಜ ಒಡೆಯರ್ (1919–1974). ಪಿಯಾನೊ ಕಲಿತವರು, ಪಾಶ್ಚಾತ್ಯ ಸಂಗೀತದಲ್ಲಿ ಆಳವಾಗಿ ಮುಳುಗಿದವರು. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರ ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದಾಗ ಆತನ ಕೃತಿಗಳು ಗ್ರಾಮಫೋನ್ ತಟ್ಟೆಗಳಾಗಿ ಬರಲು ಹಣ ಕೊಟ್ಟವರು ಈ ಮಹಾರಾಜರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಇದೇ ಮಹಾರಾಜರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತಕ್ಕೆ ತಿರುಗಿ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು, ರಾಗದ ಹೆಸರನ್ನು ಸಾಹಿತ್ಯದೊಳಗೇ ಹೆಣೆದು. ಪಾಶ್ಚಾತ್ಯರ ಸೊನಾಟಾ ರೂಪದಲ್ಲೂ ಹೊರಟಲ್ಲಿಗೆ ಬರುವುದೇ ಮುಖ್ಯ: ಮೊದಲ ವಸ್ತು ತನ್ನ ಶ್ರುತಿಯಲ್ಲಿ, ಎರಡನೆಯ ವಸ್ತು ಬೇರೊಂದು ಶ್ರುತಿಗೆ ಸರಿದು, ನಡುವೆ ಎರಡನ್ನೂ ಒಡೆದು ಅಲೆದಾಡಿಸಿ, ಕೊನೆಗೆ ಎರಡನ್ನೂ ಮೊದಲ ಶ್ರುತಿಗೆ ತರುವುದು. ನಮ್ಮಲ್ಲಿ ತಂಬೂರಿ ಕದಲುವುದಿಲ್ಲ. ಶ್ರುತಿ ಬಿಟ್ಟು ಹೋಗುವ ಮಾತೇ ಇಲ್ಲದಿರುವುದರಿಂದ ದೂರ ಹೋದೆವು ಎಂಬ ಭಾವವನ್ನು ಸ್ಥಾಯಿಯಿಂದ, ಅಕ್ಷರಗಳ ದಟ್ಟಣೆಯಿಂದ, ಮುಗಿಯದ ವಾಕ್ಯದಿಂದ ತರಬೇಕು. ಮಹಾರಾಜರು ಈ ಎರಡನ್ನೂ ಮನಸ್ಸಿನಲ್ಲಿ ಹೋಲಿಸಿ ನೋಡಿರಲೇಬೇಕು. ಅದರ ಬಗ್ಗೆ ಅವರ ಬಾಯಿಂದ ಕೇಳುವ ಭಾಗ್ಯ ನನ್ನ ಕಾಲದವರಿಗಿಲ್ಲ.

ತ್ಯಾಗರಾಜರ ಪಂಚರತ್ನಗಳಲ್ಲಿ ಆರಭಿಯ ‘ಸಾಧಿಂಚೆನೆ’ ಬಂದಾಗ ಕ್ಲಾಸಿನಲ್ಲಿ ಜಗಳ ಖಂಡಿತ. ಪಲ್ಲವಿ ಆಯಿತು, ಅನುಪಲ್ಲವಿ ಆಯಿತು, ಆಮೇಲೆ ಇನ್ನೊಂದು ಸಾಲು ಬರುತ್ತದೆ: ಸಮಯಕ್ಕೆ ತಕ್ಕ ಮಾತಾಡಿದ ಎಂದು ಕೃಷ್ಣನನ್ನು ಚುಚ್ಚುವ ಸಾಲು. ಮುಂದೆ ಚರಣ ಚರಣಕ್ಕೂ ಎಲ್ಲರೂ ಹಿಂತಿರುಗುವುದು ಆ ಸಾಲಿಗೆ, ಕೃತಿ ಶುರುವಾದ ‘ಸಾಧಿಂಚೆನೆ’ಗೆ ಅಲ್ಲ. ಹಾಗಾದರೆ ಪಲ್ಲವಿ ಯಾವುದು? ಪುಸ್ತಕದಲ್ಲಿ ಮೇಲೆ ಬರೆದದ್ದೋ, ಹಾಡು ಮರಳಿ ಮರಳಿ ಬರುವುದೋ? ನನ್ನ ಮತ ಎರಡನೆಯದಕ್ಕೆ. ಮೊದಲ ಸಾಲು ದೂರನ್ನು ಮಂಡಿಸಿತು. ಆಮೇಲಿನ ಚರಣಗಳೆಲ್ಲ ದೂರಿನ ಒಂದೊಂದು ಕಲಮು, ಪ್ರತಿಯೊಂದರ ಕೊನೆಗೂ ಅದೇ ವ್ಯಂಗ್ಯ. ವಿದ್ವತ್ ಪರೀಕ್ಷೆಗೆ ಕೂರುವವರಿಗೆ ಮಾತ್ರ, ಪತ್ರಿಕೆಯಲ್ಲಿ ಪುಸ್ತಕದಂತೆಯೇ ಬರೆಯಿರಿ ಎನ್ನುತ್ತೇನೆ.

ಇಷ್ಟು ಹೊತ್ತು ನಾನು ಕಟ್ಟಿದ ಲೆಕ್ಕಕ್ಕೆ ಬಗ್ಗದ ರಚನೆ ಒಂದಿದೆ, ಅದನ್ನೇ ನಾವು ಕೃತಿಗಳಿಗಿಂತ ಮೊದಲು ಕಲಿಸುತ್ತೇವೆ. ವರ್ಣ. ಎಳೆಯ ಮಕ್ಕಳು ಕಲಿಯುವ ಮೋಹನದ ‘ನಿನ್ನುಕೋರಿ’ಯನ್ನೇ ತೆಗೆದುಕೊಳ್ಳಿ, ರಚಿಸಿದವರು ರಾಮನಾಥಪುರಂ ಶ್ರೀನಿವಾಸ ಅಯ್ಯಂಗಾರ್, ಅವರೂ ಪಟ್ನಂ ಅವರ ಶಿಷ್ಯರೇ, ವಾಸುದೇವಾಚಾರ್ಯರ ಗುರುಬಂಧು. ಪಲ್ಲವಿ, ಅನುಪಲ್ಲವಿ, ಮುಕ್ತಾಯಿ ಸ್ವರ, ಅಲ್ಲಿಂದ ಪಲ್ಲವಿಗೆ ವಾಪಸು. ಇಲ್ಲಿಯವರೆಗೆ ಸರಿ. ಆಮೇಲೆ ಚರಣ ಎಂಬ ಒಂದು ಸಾಲು ಬರುತ್ತದೆ, ಅದರ ಬೆನ್ನಿಗೆ ಎತ್ತುಗಡೆ ಸ್ವರಗಳು. ಒಂದೊಂದು ಸ್ವರಗುಚ್ಛವೂ ಮುಗಿದು ಬರುವುದು ಚರಣದ ಸಾಲಿಗೆ. ಪಲ್ಲವಿಯ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಕಡೆಯ ಸ್ವರ ಹಾಡಿ, ಚರಣದ ಸಾಲು ಹಾಡಿ, ವರ್ಣ ಮುಗಿಯುತ್ತದೆ. ಶುರುವಾದ ಮನೆ ಒಂದು, ಮುಗಿಯುವ ಮನೆ ಇನ್ನೊಂದು.

ಯಾಕೆ ಹೀಗೆ ಎಂದು ಅದೇ ಇಂಜಿನಿಯರಿಂಗ್ ಹುಡುಗಿ ಕೇಳಿದಳು. ಹಳೆಯ ಕೆಲವು ವರ್ಣಗಳಲ್ಲಿ ಚರಣದ ಸ್ವರಗಳ ನಂತರ ಅನುಬಂಧ ಎಂಬ ಇನ್ನೊಂದು ಭಾಗ ಇತ್ತು, ಅದರ ಮೂಲಕ ಹಾಡು ಪೂರ್ವಾಂಗಕ್ಕೆ ಕೂಡಿಕೊಳ್ಳುತ್ತಿತ್ತು. ಹಾಡುವ ರೂಢಿಯಲ್ಲಿ ಅದು ಉದುರಿಹೋಯಿತು ಎಂದೆ. “ಹಾಗಾದರೆ ನಾವು ಹಾಡ್ತಿರೋದು ಅರ್ಧ ಹಾಡಾ ಮಿಸ್?” ಅಂದಳು. ಅರ್ಧ ಎನ್ನಲು ಮನಸ್ಸು ಬರುವುದಿಲ್ಲ. ಅನುಬಂಧವೇ ಇಲ್ಲದೆ ಹುಟ್ಟಿದ ವರ್ಣಗಳು ಈಗ ಎಷ್ಟೋ ಇವೆ, ಕೇಳುವಾಗ ಕೊರತೆ ಕಾಣುವುದಿಲ್ಲ. ಎತ್ತುಗಡೆ ಸ್ವರಗಳು ಚರಣದ ಸಾಲನ್ನೇ ಇನ್ನೊಂದು ಪಲ್ಲವಿಯಾಗಿ ನಿಲ್ಲಿಸಿರುತ್ತವೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಅನುಬಂಧ ಇರುವ ಒಂದು ವರ್ಣವನ್ನು ಹುಡುಕಿ ಎರಡೂ ರೀತಿಯಲ್ಲಿ ಹಾಡಿ ನೋಡೋಣ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದಾಳೆ. ಮುಂದಿನ ಶನಿವಾರದ ಪಾಠ ಅದೇ.